ಕಾಸರಗೋಡಿನ ಕಡೆ ಕುಡಿತ ಬಿಟ್ಟವರ ಸಭೆ ಕನ್ನಡದಲ್ಲಿ ಎಲ್ಲಿ ನಡೆಯುತ್ತದೆ?

ಪ್ರಶ್ನೆ — ಪೆರ್ಲದ ಕೃಷಿಕ

ನಾನು ಪೆರ್ಲ ಸಮೀಪದ ಅಡಿಕೆ ಕೃಷಿಕ, ವಯಸ್ಸು 43. ಹದಿನೆಂಟು ವರ್ಷ ಕುಡಿದವನು ಆಸ್ಪತ್ರೆಯಲ್ಲಿ ಹತ್ತು ದಿನ ಚಿಕಿತ್ಸೆ ಪಡೆದು ಬಂದಿದ್ದೇನೆ. ಇಂದಿಗೆ 38 ದಿನಗಳಿಂದ ಒಂದು ತೊಟ್ಟೂ ಮುಟ್ಟಿಲ್ಲ. ಹಗಲು ಹೇಗೋ ಕಳೆಯುತ್ತದೆ. ಅಂಗಳದಲ್ಲಿ ಒಣಹಾಕಿದ ಅಡಿಕೆಯನ್ನು ರಾಶಿ ಮಾಡಿ ಟಾರ್ಪಾಲು ಹೊದೆಸುವ ಹೊತ್ತಿಗೆ, ಅಂದರೆ ಸಂಜೆ ಆರು ಗಂಟೆಗೆ, ಕಾಲು ತಾನಾಗಿಯೇ ಪೇಟೆಯ ಕಡೆ ತಿರುಗುತ್ತದೆ.

ಔಷಧದಷ್ಟೇ ಸಭೆಯೂ ಮುಖ್ಯ ಎಂದು ವೈದ್ಯರು ಹೇಳಿದ್ದರಿಂದ ಒಂದು ಸಭೆಗೆ ಹೋದೆ. ಅಲ್ಲಿದ್ದವರು ಪ್ರೀತಿಯಿಂದಲೇ ಬರಮಾಡಿಕೊಂಡರು. ಆದರೆ ಮಾತೆಲ್ಲ ಮಲಯಾಳದಲ್ಲಿತ್ತು. ಅಂಗಡಿಯಲ್ಲಿ, ಪಂಚಾಯತ್ ಕಚೇರಿಯಲ್ಲಿ ವ್ಯವಹರಿಸುವಷ್ಟು ಮಲಯಾಳ ನನಗೆ ಬರುತ್ತದೆ. ಮಗಳ ಕಾಲೇಜು ಶುಲ್ಕಕ್ಕೆಂದು ಹೆಂಡತಿ ಕೊಟ್ಟ ಹಣವನ್ನು ಕುಡಿದು ಮುಗಿಸಿದ ದಿನದ ಬಗ್ಗೆ ಹೇಳಲು ಎದ್ದು ನಿಂತಾಗ ಮಾತ್ರ ಒಂದು ಪದವೂ ಹೊರಡಲಿಲ್ಲ. ಹೆಸರು ಹೇಳಿ ಕುಳಿತುಬಿಟ್ಟೆ. ಕನ್ನಡದಲ್ಲೋ ತುಳುವಿನಲ್ಲೋ ಮಾತನಾಡಬಹುದಾದ ಸಭೆ ಹತ್ತಿರದಲ್ಲಿ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ 1 — ಮಂಜೇಶ್ವರದಿಂದ, ಎ.ಎ. ಸದಸ್ಯ

ಅಣ್ಣಾ, 38 ದಿನ ಸಣ್ಣ ಲೆಕ್ಕವಲ್ಲ. ನಾನು ಒಂಬತ್ತು ವರ್ಷಗಳಿಂದ ಆಲ್ಕೋಹಾಲಿಕ್ಸ್ ಅನಾನಿಮಸ್ (ಎ.ಎ., ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಕೂಟ) ಸಭೆಗಳಿಗಾಗಿ ಮಂಗಳೂರಿಗೆ ಹೋಗಿಬರುತ್ತಿದ್ದೇನೆ. ನಾನು ಹೋಗುವ ಗುಂಪಿನಲ್ಲಿ ಕನ್ನಡ, ತುಳು, ಕೊಂಕಣಿ ಮೂರೂ ನಡೆಯುತ್ತವೆ; ಯಾರಿಗೆ ಯಾವುದು ಬಾಯಿಗೆ ಬರುತ್ತದೋ ಅದರಲ್ಲಿ ಹೇಳಿಕೊಳ್ಳುತ್ತಾರೆ. ನಿಮಗೆ ಪೆರ್ಲದಿಂದ ಬದಿಯಡ್ಕಕ್ಕೆ ಬಂದು, ಕುಂಬಳೆಯಲ್ಲಿ ಮಂಗಳೂರಿನ ಬಸ್ಸನ್ನೋ ರೈಲನ್ನೋ ಹಿಡಿಯುವುದು ಅನುಕೂಲ. ಸಭೆ ಚರ್ಚಿನ ಅಥವಾ ಶಾಲೆಯ ಕೋಣೆಯಲ್ಲಿ ನಡೆದರೂ ಎ.ಎ. ಯಾವ ಮತಕ್ಕೂ ಸೇರಿದ್ದಲ್ಲ. ಶುಲ್ಕವಿಲ್ಲ, ಸೇರಲು ಅರ್ಜಿಯಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಸದಸ್ಯತ್ವಕ್ಕೆ ಸಾಕು. ಅಲ್ಲಿ ಕೇಳಿದ್ದು, ಅಲ್ಲಿ ಕಂಡ ಮುಖ, ಎರಡನ್ನೂ ಹೊರಗೆ ತರುವುದಿಲ್ಲ. ಹೊರಡುವ ಮೊದಲು ಫೋನು ಮಾಡಿ ಆ ವಾರದ ದಿನ, ಸಮಯ ಕೇಳಿಕೊಳ್ಳಿ. ಕುಡಿತದ ಸಮಸ್ಯೆ ಇರುವವರಿಗಷ್ಟೇ ಮೀಸಲಾದ ಸಭೆಯೋ, ಮನೆಯವರೂ ಕುಳಿತುಕೊಳ್ಳಬಹುದಾದ ಮುಕ್ತ ಸಭೆಯೋ ಎಂಬುದನ್ನೂ ವಿಚಾರಿಸಿ.

ಮಾತು ಹೊರಡಲಿಲ್ಲ ಎಂದಿರಲ್ಲ, ಅದಕ್ಕಾಗಿ ಒಂದು ಸಂಗತಿ ಹೇಳುತ್ತೇನೆ. 1935ರ ಮೇ ತಿಂಗಳಿನಲ್ಲಿ ಬಿಲ್ ವಿಲ್ಸನ್ ಎಂಬವರು ವ್ಯವಹಾರ ಕೆಟ್ಟು ಅಮೆರಿಕದ ಆಕ್ರನ್ ನಗರದ ಹೋಟೆಲಿನಲ್ಲಿ ಒಬ್ಬರೇ ಉಳಿದಿದ್ದರು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು, ಪಕ್ಕದಲ್ಲೇ ಬಾರ್ ಇತ್ತು. ಅವರು ಬಾರಿಗೆ ಹೋಗದೆ, ತನ್ನಂತೆಯೇ ಕುಡಿತದಿಂದ ನರಳುತ್ತಿರುವ ಇನ್ನೊಬ್ಬರನ್ನು ಹುಡುಕಿಕೊಡಿ ಎಂದು ಫೋನು ಮಾಡತೊಡಗಿದರು. ಹಾಗೆ ಸಿಕ್ಕವರು ಶಸ್ತ್ರಚಿಕಿತ್ಸಕ ಡಾ. ಬಾಬ್ ಸ್ಮಿತ್. ಎ.ಎ. ಹುಟ್ಟಿದ್ದು ಆ ಇಬ್ಬರ ಮಾತುಕತೆಯಿಂದ. ಆದ್ದರಿಂದ ಸಂಜೆ ಆರು ಗಂಟೆಗೆ ನಿಮ್ಮ ಭಾಷೆಯಲ್ಲಿ ಮಾತನಾಡುವ ಒಬ್ಬರಿಗೆ ಫೋನು ಮಾಡುವ ಅಭ್ಯಾಸವನ್ನು ಇಂದೇ ಆರಂಭಿಸಿ.

ನನ್ನ ಮೊದಲ ಸಭೆಯಲ್ಲಿ ಹಿರಿಯರೊಬ್ಬರು ಎಲ್ಲರಿಗೂ ಲೋಟ ತುಂಬ ಚಹಾ ಕೊಟ್ಟು ನನಗೆ ಮಾತ್ರ ಅರ್ಧ ಲೋಟ ಕೊಟ್ಟರು. ನನ್ನ ಕೈ ನಡುಗುವುದನ್ನು ಅವರು ಗಮನಿಸಿದ್ದರು. ಚಹಾ ಚೆಲ್ಲಿ ನನಗೆ ನಾಚಿಕೆಯಾಗದಿರಲಿ ಎಂದು ಹಾಗೆ ಮಾಡಿದ್ದರೆಂದು ನನಗೆ ತಿಳಿದದ್ದು ತಿಂಗಳುಗಳ ಬಳಿಕ. ಆ ಕೋಣೆಯಲ್ಲಿ ನೀವು ಮೊದಲ ದಿನವೇ ಮಾತನಾಡಬೇಕೆಂದಿಲ್ಲ.

ಉತ್ತರ 2 — ಕುಂಬಳೆಯ ನರ್ಸ್

ನನ್ನ ಮನೆಯವರೂ ಇದೇ ದಾರಿಯಲ್ಲಿ ಬಂದವರು. ನೀವು ಕೇಳದಿದ್ದರೂ ಎರಡು ಮಾತು ಹೇಳಲೇಬೇಕು. ಮತ್ತೆ ಕೆಲವು ದಿನ ಕುಡಿಯುವಂತಾದರೆ, ಹಟಕ್ಕೆ ಬಿದ್ದು ಮನೆಯಲ್ಲೇ ಥಟ್ಟನೆ ನಿಲ್ಲಿಸಬೇಡಿ. ಬಹುಕಾಲ ವಿಪರೀತ ಕುಡಿದವರಲ್ಲಿ ನಿಲ್ಲಿಸಿದ ಮೊದಲ ಎರಡು ದಿನಗಳೊಳಗೆ ಅಪಸ್ಮಾರದಂತಹ ಸೆಳೆತ ಬರಬಹುದು. ಎರಡು ಮೂರನೆಯ ದಿನದ ಹೊತ್ತಿಗೆ ಇಲ್ಲದ್ದು ಕಾಣಿಸಿ, ಬುದ್ಧಿ ಗೊಂದಲಗೊಂಡು ಪ್ರಾಣಕ್ಕೇ ಅಪಾಯವಾಗಬಹುದು. ಆಗ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು, ನಿಮ್ಮ ಹೆಂಡತಿಗೆ ಯಾರಾದರೂ ಅನ್ನದಲ್ಲಿ ಗುಟ್ಟಾಗಿ ಬೆರೆಸುವ ಪುಡಿಯ ವಿಷಯ ಹೇಳಿದರೆ ನಂಬುವುದು ಬೇಡ. ಅಂತಹ ಪುಡಿಯಲ್ಲಿ ಡೈಸಲ್ಫಿರಾಂ ಎಂಬ, ಕುಡಿತ ಬಿಡಿಸಲು ಕೊಡುವ ಔಷಧ ಇದ್ದರೆ, ಅದು ಒಳಗಿರುವಾಗ ಕುಡಿದವರಿಗೆ ರಕ್ತದೊತ್ತಡ ಕುಸಿದು ಜೀವಕ್ಕೆ ಕುತ್ತು ಬರಬಹುದು. ಆ ಔಷಧವನ್ನು ರೋಗಿಗೆ ತಿಳಿಸಿ, ಅವರ ಒಪ್ಪಿಗೆ ಪಡೆದು, ವೈದ್ಯರೇ ಕೊಡಬೇಕು.

ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಸಭೆಗಳಿವೆ. ನಿಮ್ಮ ಹೆಂಡತಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ತುರ್ತಾಗಿ ಮಾತನಾಡಬೇಕೆನಿಸಿದರೆ ಕೇರಳ ಅಬಕಾರಿ ಇಲಾಖೆಯ ವಿಮುಕ್ತಿ ಸಹಾಯವಾಣಿ 14405, ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446 ಇವೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡವನ್ನು ಆರಿಸಿಕೊಳ್ಳಬಹುದು.

ಉತ್ತರ 3 — ಬದಿಯಡ್ಕದಿಂದ, ನವಜೀವನ ಸಮಿತಿ ಸದಸ್ಯ

ಮಂಗಳೂರಿಗಿಂತ ಹತ್ತಿರದ ದಾರಿಯೂ ಇದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳು ಗಡಿಯ ಈಚೆ ನಮ್ಮಲ್ಲಿಯೂ ನಡೆದಿವೆ. ಸುಮಾರು ಒಂದು ವಾರ ಅಲ್ಲಿಯೇ ಇದ್ದು ಕುಡಿತ ಬಿಟ್ಟವರು ಆಮೇಲೆ ನವಜೀವನ ಸಮಿತಿಗಳಲ್ಲಿ ಸೇರುತ್ತಾರೆ. ಅಲ್ಲಿ ಮಾತೆಲ್ಲ ನಮ್ಮದೇ ಕನ್ನಡ, ತುಳು. ಭಜನೆ, ಪ್ರಾರ್ಥನೆ ಇರುತ್ತದೆ, ಎ.ಎ.ಗಿಂತ ಕ್ರಮ ಬೇರೆ. ನಿಮಗೆ ಒಗ್ಗುವುದು ಯಾವುದೆಂದು ಎರಡನ್ನೂ ನೋಡಿ ತೀರ್ಮಾನಿಸಿ. ನೀವು ಶಿಬಿರದಿಂದ ಬಂದವರಲ್ಲದಿದ್ದರೂ ಯೋಜನೆಯ ವಲಯ ಮೇಲ್ವಿಚಾರಕರಲ್ಲಿ ಒಮ್ಮೆ ಮಾತನಾಡಿ. ಒಬ್ಬರೇ ಬರಲು ಸಂಕೋಚವಾದರೆ ನಾನು ಜತೆಗೆ ಬರುತ್ತೇನೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಹೆಂಡತಿಗೆ ಓದಿ ಹೇಳಿದೆ. ಪುಡಿಯ ವಿಷಯ ಬಂದಾಗ ಅವಳು ಎದ್ದು ಒಳಗೆ ಹೋಗಿ ಒಂದು ಪೊಟ್ಟಣ ತಂದು ನನ್ನ ಮುಂದಿಟ್ಟಳು. ಇಬ್ಬರೂ ಬಹಳ ಹೊತ್ತು ಮಾತನಾಡಲಿಲ್ಲ. ಅದನ್ನು ನಾಳೆ ವೈದ್ಯರಿಗೆ ತೋರಿಸುತ್ತೇವೆ. ಬದಿಯಡ್ಕದ ಅಣ್ಣನಿಗೆ ಖಾಸಗಿಯಾಗಿ ಸಂದೇಶ ಕಳುಹಿಸಿದ್ದೇನೆ. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಬದಿಯಡ್ಕ ಬಸ್ ನಿಲ್ದಾಣದಲ್ಲಿ ನಿಂತಿರುತ್ತೇನೆ.