ಊಟದ ರುಚಿಗೆ ಯಾವ ಎಲ್ಕ್ ಹೊಡೆಯಬೇಕು: ಗಂಡೋ, ಹೆಣ್ಣೋ, ಕರುವೋ?

ಡೆನ್ವರ್_ಗೌಡ (ಪ್ರಶ್ನೆ):
ಕೊಲೊರಾಡೊದಲ್ಲಿ ಈ ಸಲ ಎಲ್ಕ್ (ಕಡವೆಯಂಥ ದೊಡ್ಡ ಜಿಂಕೆ) ಬೇಟೆಗೆ ನನ್ನ ಮುಂದೆ ಎರಡು ದಾರಿ ಇವೆ. ಅಕ್ಟೋಬರ್ ಕೊನೆಯ ಎರಡನೇ ರೈಫಲ್ ಸೀಸನ್‌ಗೆ ಲಾಟರಿ ಇಲ್ಲದೆ ಸಿಗುವ ಗಂಡು ಟ್ಯಾಗ್ (ಒಂದು ಗಂಡು ಹೊಡೆಯುವ ಪರವಾನಗಿ), ಇಲ್ಲವೇ ಮೀಕರ್ ಊರಿನ ಕಡೆ ನವೆಂಬರ್ ಕೊನೆಯ ನಾಲ್ಕನೇ ಸೀಸನ್‌ನ ಹೆಣ್ಣು ಟ್ಯಾಗ್. ಗೋಡೆಗೆ ಕೊಂಬು ಬೇಡ, ಫ್ರೀಜರ್ ತುಂಬಿದರೆ ಸಾಕು. ಮನೆಯಲ್ಲಿ ಸಾರು, ಫ್ರೈ, ಕೈಮಾ ಉಂಡೆ ಮಾಡ್ತೀವಿ. ಕಾಡು ವಾಸನೆ ಬಂದರೆ ಯಾರೂ ತಟ್ಟೆ ಮುಟ್ಟಲ್ಲ. ಯಾವ ಪ್ರಾಣಿ ಒಳ್ಳೆಯದು? ಹಿಂಡಿನಲ್ಲಿ ಅದನ್ನು ಗುರುತು ಹಿಡಿಯೋದು ಹೇಗೆ?

ಕಡವೆಗುಡ್ಡ:
ಹೆಣ್ಣು ಟ್ಯಾಗ್ ತಗೊಳ್ಳಿ, ಎರಡನೇ ಮಾತಿಲ್ಲ. ರುಚಿಯ ಲೆಕ್ಕದಲ್ಲಿ ಮೊದಲು ಆ ವರ್ಷದ ಕರು, ಆಮೇಲೆ ಒಂದೂವರೆ ವರ್ಷದ ಕಡಸು, ನಂತರ ಗೊಡ್ಡು ಹೆಣ್ಣು, ಅದರ ಹಿಂದೆ ಕರು ಜೊತೆಗಿರುವ ತಾಯಿ. ದೊಡ್ಡ ಹೋರಿ ಕೊನೆಗೆ. ಸ್ಪೈಕ್, ಅಂದರೆ ಕವಲಿಲ್ಲದ ಕೊಂಬಿನ ಎಳೆ ಗಂಡು, ಕಡಸಿಗೆ ಸರಿಸಮ. ಆದರೆ ಇಲ್ಲಿನ ಹೆಚ್ಚಿನ ಯೂನಿಟ್‌ಗಳಲ್ಲಿ (ಬೇಟೆ ವಲಯಗಳಲ್ಲಿ) ಗಂಡಿಗೆ ಒಂದು ಕೊಂಬಿನಲ್ಲಾದರೂ ನಾಲ್ಕು ಕವಲು, ಇಲ್ಲವೇ ಕನಿಷ್ಠ 5 ಇಂಚಿನ ಹುಬ್ಬುಕವಲು (ಕೊಂಬಿನ ಬುಡದ ಕಡೆಯ ಕವಲು) ಇರಬೇಕು. ಹಾಗಾಗಿ ಸ್ಪೈಕ್ ಆಸೆ ಬಿಡಿ.

ಕಾರಣ ಎರಡು. ಒಂದು ವಯಸ್ಸು. ಪ್ರಾಣಿ ಮುದಿಯಾದಂತೆ ಸ್ನಾಯುವಿನೊಳಗಿನ ಕೊಲಾಜನ್ (ನಾರಿನಂಥ ಪ್ರೋಟೀನ್) ಎಳೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಬೇಗ ಕರಗುವುದಿಲ್ಲ. ಇನ್ನೊಂದು ಮೈಯ ಸ್ಥಿತಿ. ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮೊದಲ ಭಾಗದವರೆಗೆ ಬೆದೆಗಾಲ. ಹೋರಿ ಮೇಯುವುದನ್ನೇ ಮರೆತು ಕಾದಾಡಿ ಬಡಕಲಾಗುತ್ತದೆ. ಅಕ್ಟೋಬರ್ ಕೊನೆಗೆ ಅದು ಇನ್ನೂ ಚೇತರಿಸಿಕೊಂಡಿರಲ್ಲ. ಹಾಲೂಡಿಸುವ ತಾಯಿಯದೂ ಸ್ವಲ್ಪ ಇದೇ ಕತೆ, ಬೇಸಿಗೆಯಲ್ಲಿ ಮೈಗೂಡಬೇಕಾದದ್ದೆಲ್ಲ ಕರುವಿಗೆ ಹೋಗಿರುತ್ತದೆ. ಗೊಡ್ಡು ಹೆಣ್ಣು ಮಾತ್ರ ತಿಂದದ್ದನ್ನೆಲ್ಲ ಬೆನ್ನಿಗೂ ತೊಡೆಗೂ ಸೇರಿಸಿಕೊಂಡಿರುತ್ತದೆ.

ಗುರುತು ಹಿಡಿಯುವಾಗ ಮೈ ನೋಡಬೇಡಿ, ಮುಖ ನೋಡಿ. ಕರುವಿನ ಮೂತಿ ಮೊಂಡು, ಕಿವಿ ಮುಖಕ್ಕಿಂತ ದೊಡ್ಡದು ಅನ್ನಿಸುತ್ತದೆ. ಕಡಸಿನ ಮೈ ಹೆಚ್ಚುಕಡಿಮೆ ಬೆಳೆದಿರುತ್ತದೆ, ಆದರೆ ಮುಖ ಇನ್ನೂ ಗಿಡ್ಡ, ಕತ್ತು ತೆಳು. ಮುದಿ ಹೆಣ್ಣಿನ ಮೂತಿ ನೀಳ, ಬೆನ್ನು ತುಸು ಬಗ್ಗಿರುತ್ತದೆ. ಸಾಲಿನ ಮುಂದೆ ನಡೆಯುವುದು, ಮೊದಲು ತಲೆ ಎತ್ತಿ ನೋಡುವುದು ಬಹುಪಾಲು ಅದೇ. ಎಲ್ಲರೂ ಹೊಡೆಯುವುದೂ ಅದನ್ನೇ, ಮೊದಲು ಬಯಲಿಗೆ ಬರುತ್ತದಲ್ಲ! ಅದನ್ನು ಬಿಟ್ಟು ಮಧ್ಯದ್ದಕ್ಕೆ ಕಾಯಿರಿ. ಗೊಡ್ಡು ಹೌದೋ ಅಲ್ಲವೋ ತಿಳಿಯಲು ಹತ್ತು ಹದಿನೈದು ನಿಮಿಷ ದುರ್ಬೀನು ಇಳಿಸಬೇಡಿ. ಹಿಂದೆಯೇ ಕರು ಸುಳಿಯದಿದ್ದರೆ, ಪಿರ್ರೆ ದುಂಡಗಿದ್ದರೆ, ಕೆಚ್ಚಲು ಒಳಸೇರಿದ್ದರೆ ಬಹುತೇಕ ಗೊಡ್ಡು. ಒಂಟಿಯಾಗಿ ನಿಂತ ಪ್ರಾಣಿಯ ಅಳತೆ ಮೋಸ ಮಾಡುತ್ತದೆ, ಹೋಲಿಸಲು ಪಕ್ಕದಲ್ಲಿ ಇನ್ನೊಂದು ಇರಬೇಕು.

ಮೂಳೆ ತೆಗೆದ ಮಾಂಸ ಕರುವಿನಲ್ಲಿ ಸುಮಾರು 30 ಕಿಲೊ, ಬೆಳೆದ ಹೆಣ್ಣಿನಲ್ಲಿ 65ರಿಂದ 80, ದೊಡ್ಡ ಹೋರಿಯಲ್ಲಿ 90ರ ಮೇಲೆ. ಫ್ರೀಜರ್ ತುಂಬಬೇಕು ಅಂದಿರಲ್ಲ, ನಿಮಗೆ ಕಡಸು ಅಥವಾ ಗೊಡ್ಡೇ ಸರಿ. ಮೇವಿನ ವಿಚಾರ ಕೇಳುತ್ತೀರಿ ಅಂತ ಗೊತ್ತು: ಹಿಮ ಬಿದ್ದಾಗ ಹುಲ್ಲುಗಾವಲಿಗೆ ಇಳಿದು ಮೇಯ್ದದ್ದು ಚೆನ್ನ, ಆದರೆ ವಯಸ್ಸಿನಷ್ಟು ವ್ಯತ್ಯಾಸ ಅದರಿಂದ ಬರಲ್ಲ.

ಚೂರಿ_ಚೀಲ:
ಮೇಲಿನ ಕ್ರಮ ಮೃದುತ್ವಕ್ಕೆ ಸರಿ. ವಾಸನೆಗೆ ಅಷ್ಟು ಸರಿಯಲ್ಲ. ವಾಸನೆಯ ದೊಡ್ಡ ಪಾಲು ಹುಟ್ಟುವುದು ಗುಂಡು ಬಿದ್ದ ಮೇಲೆ. ಎಳೆ ಕಡಸನ್ನು ಕೆಡಿಸಬಹುದು, ಹೋರಿಯನ್ನು ಉಳಿಸಿಕೊಳ್ಳಲೂಬಹುದು.

ಬೆದರದ ಪ್ರಾಣಿಯನ್ನೇ ಹೊಡೆಯಿರಿ. ಸ್ನಾಯುವಿನಲ್ಲಿ ಗ್ಲೈಕೊಜನ್ (ಶಕ್ತಿಗೆ ಕೂಡಿಟ್ಟ ಸಕ್ಕರೆ) ಇದ್ದರೆ ಸತ್ತ ಮೇಲೆ ಅದು ಲ್ಯಾಕ್ಟಿಕ್ ಆಮ್ಲವಾಗಿ, ಮಾಂಸದ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 5.5ರ ಆಸುಪಾಸಿಗೆ ಇಳಿಯುತ್ತದೆ. ಓಡಿಸಿ ದಣಿಸಿದ, ಅರೆಗಾಯವಾಗಿ ಗುಡ್ಡ ಹತ್ತಿದ ಪ್ರಾಣಿಯಲ್ಲಿ ಪಿಎಚ್ 6ರ ಮೇಲೇ ನಿಲ್ಲುತ್ತದೆ. ಮಾಂಸ ಕಪ್ಪಗೆ, ಅಂಟಂಟಾಗಿ, ಬೇಗ ಹಳಸುವಂತಾಗುತ್ತದೆ. ಅಡ್ಡ ನಿಂತಾಗ ಮುಂಗಾಲ ಹಿಂದೆ, ಎದೆಯ ಕೆಳಗಿನಿಂದ ಮೂರನೇ ಒಂದು ಭಾಗ ಎತ್ತರಕ್ಕೆ ಗುರಿಯಿಡಿ. ಎರಡು ಶ್ವಾಸಕೋಶಕ್ಕೂ ತಾಗುತ್ತದೆ, ಭುಜದ ಮಾಂಸವೂ ಉಳಿಯುತ್ತದೆ. ಹಿಂದೆ ಸರಿದು ಹೊಟ್ಟೆಗೆ ಬಿತ್ತೋ, ಆ ಕಡೆಯ ಮಾಂಸಕ್ಕೆ ಹುಳಿ ಹಿಡಿಯಿತು ಅಂತಲೇ ತಿಳಿಯಿರಿ.

ಹೊಟ್ಟೆ ಸೀಳದೆ ಬಿಡಿಸುವ ವಿಧಾನ ಒಳ್ಳೆಯದು. ಪಕ್ಕಕ್ಕೆ ಮಲಗಿಸಿ, ಬೆನ್ನುಮೂಳೆಯ ಉದ್ದಕ್ಕೆ ಚರ್ಮ ಸೀಳಿ ಕೆಳಕ್ಕೆ ಸುಲಿಯಿರಿ. ಮುಂಗಾಲು, ಬೆನ್ನಿನ ಪಟ್ಟಿ, ಹಿಂಗಾಲು, ಕತ್ತು ತೆಗೆದು ಮಗ್ಗುಲು ಬದಲಿಸಿ. ಕೊನೆಗೆ ಕೊನೆಯ ಪಕ್ಕೆಲುಬಿನ ಹಿಂದಿನಿಂದ ಕೈ ಹಾಕಿ ಒಳಪಟ್ಟಿ (ಬೆನ್ನುಮೂಳೆಯ ಒಳಬದಿಯ ಮೆದು ಮಾಂಸ) ಬಿಡಿಸಿ. ಚರ್ಮವನ್ನು ಒಳಗಿನಿಂದ ಹೊರಕ್ಕೆ ಕೊಯ್ದರೆ ಕೂದಲು ತುಂಡಾಗಿ ಉದುರಲ್ಲ. ಬೆದೆಗಾಲದಲ್ಲಿ ಹೋರಿ ತನ್ನ ಹೊಟ್ಟೆ, ಕತ್ತಿನ ಮೇಲೆಲ್ಲ ಮೂತ್ರ ಸಿಂಪಡಿಸಿಕೊಂಡಿರುತ್ತದೆ. ಆ ಕೂದಲು ಮುಟ್ಟಿದ ಕೈ, ಅದೇ ಚಾಕು ಮಾಂಸಕ್ಕೆ ಹೋದರೆ ನೀವು ಹೆದರುವ ವಾಸನೆ ಬಂತು. ಸುಲಿಯಲು ಒಂದು ಚಾಕು, ಮಾಂಸಕ್ಕೆ ಇನ್ನೊಂದು.

ಅಕ್ಟೋಬರ್ ಬಿಸಿಲಿದ್ದರೆ ಹಿಂದೊಡೆಯ ಕೀಲಿನ ಸುತ್ತ ಕಾವು ನಿಂತು ಮೂಳೆಯ ಬದಿ ಕೊಳೆಯುತ್ತದೆ. ಹೊರಗೆ ಏನೂ ಕಾಣಲ್ಲ, ಕೊಯ್ದಾಗ ಹಸಿರು ಛಾಯೆ, ಗಬ್ಬು. ಬೇಗ ಸುಲಿದು, ಬಟ್ಟೆಚೀಲದಲ್ಲಿ ನೆರಳಿಗೆ ತೂಗಿಸಿ. ಪ್ಲಾಸ್ಟಿಕ್ ಬೇಡವೇ ಬೇಡ. ನವೆಂಬರ್ ಕೊನೆಯ ತೊಂದರೆ ಉಲ್ಟಾ, ಇದನ್ನು ಯಾರೂ ಹೇಳಲ್ಲ: ಸತ್ತ ಮೇಲಿನ ಸೆಟೆತ ಮುಗಿಯುವ ಮುಂಚೆ ಮಾಂಸ ಅತಿ ಬೇಗ ತಣ್ಣಗಾದರೆ ಸ್ನಾಯು ಸುರುಟಿಕೊಂಡು ಗಡುಸಾಗುತ್ತದೆ, ಹೆಪ್ಪುಗಟ್ಟಿದರಂತೂ ಇನ್ನೂ ಕೆಟ್ಟದು. ಕಡಸಿನ ಮಾಂಸವೂ ಜಗಿಯಲು ಬಾರದಂತಾಗುವುದು ಹೀಗೆ. ಮೈನಸ್ ಚಳಿಯಲ್ಲಿ ಮೊದಲ ಹತ್ತು ಹನ್ನೆರಡು ಗಂಟೆ ಮೂಳೆ ಬಿಡಿಸಬೇಡಿ, ತೊಡೆಗಳನ್ನು ಬರಿ ಹಿಮದ ಮೇಲೆ ಚೆಲ್ಲಬೇಡಿ.

ಆಮೇಲೆ 1ರಿಂದ 3 ಡಿಗ್ರಿಯಲ್ಲಿ ಇಟ್ಟು ಹದಗೊಳಿಸಿ: ಕರು ಮೂರು ನಾಲ್ಕು ದಿನ, ಹೆಣ್ಣು ಒಂದು ವಾರ, ಹೋರಿ ಹತ್ತರಿಂದ ಹದಿನಾಲ್ಕು. ಗೊಡ್ಡಿನ ಮೇಲಿನ ಬಿಳಿ ಕೊಬ್ಬು ನೋಡಿ ಹಿಗ್ಗಬೇಡಿ, ಎಲ್ಲ ಕೆತ್ತಿ ತೆಗೆಯಿರಿ. ಕುರಿಯ ಗಟ್ಟಿ ಕೊಬ್ಬಿನ ಹಾಗೆ ಆರುತ್ತಲೇ ಅಂಗುಳಕ್ಕೆ ಮೇಣ ಮೆತ್ತುತ್ತದೆ, ಫ್ರೀಜರಿನಲ್ಲಿ ಮೊದಲು ಮುಗ್ಗುವುದೂ ಅದೇ.

ಟ್ಯಾಗ್_ಮೊದಲು:
ನಿಯಮದ ಮಾತು ಬೇಗ ಹೇಳಿಬಿಡ್ತೀನಿ. 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರಿಗೆ ಬೇಟೆ ಶಿಕ್ಷಣದ ಪ್ರಮಾಣಪತ್ರ ಬೇಕೇಬೇಕು. ಎಚ್-1ಬಿ ಥರದ ವೀಸಾದಲ್ಲಿ ಇದ್ದರೆ ಫೆಡರಲ್ ಕಾನೂನಿನ ಪ್ರಕಾರ ಬಂದೂಕು ಇಟ್ಟುಕೊಳ್ಳುವಂತಿಲ್ಲ. ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿರುವವರಿಗೆ ವಿನಾಯಿತಿ ಇದೆ, ಅವಧಿ ಮುಗಿದರೆ ಅದೂ ಇಲ್ಲ. ಹೆಣ್ಣು ಟ್ಯಾಗ್‌ನಲ್ಲಿ ಕರುವನ್ನೂ ಹೊಡೆಯಬಹುದು. ಮಾಂಸ ಬಿಡಿಸುವಾಗ ಕೆಚ್ಚಲು ಅಥವಾ ಯೋನಿಯ ಭಾಗವನ್ನು ಒಂದು ತೊಡೆಗೆ ಸಹಜವಾಗಿ ಅಂಟಿಕೊಂಡಂತೆ ಬಿಡಿ, ಲಿಂಗದ ಪುರಾವೆ ಅದೇ.

ಸಿಡಬ್ಲ್ಯುಡಿ ರೋಗಕ್ಕೆ (ಜಿಂಕೆ ಜಾತಿಯ ಪ್ರಾಣಿಗಳ ಮೆದುಳು ಕೆಡಿಸುವ ಮಾರಕ ರೋಗ) ತಲೆ ಪರೀಕ್ಷೆಗೆ ಕೊಡಿ. ಅದನ್ನು ಮೊದಲು ಗಮನಿಸಿದ್ದೇ ಈ ರಾಜ್ಯದಲ್ಲಿ, 1967ರಲ್ಲಿ, ಫೋರ್ಟ್ ಕಾಲಿನ್ಸ್‌ನಲ್ಲಿ ಸಾಕಿದ್ದ ಜಿಂಕೆಗಳಲ್ಲಿ. ಅದನ್ನು ತರುವ ಪ್ರಿಯಾನ್ (ರೂಪಗೆಟ್ಟ ಪ್ರೋಟೀನ್) ಬೇಯಿಸಿದರೆ ನಾಶವಾಗಲ್ಲ. ಬೆನ್ನುಹುರಿ, ಮೆದುಳು, ಗುಲ್ಮ ಮುಟ್ಟಬೇಡಿ. ಫಲಿತಾಂಶ ಬರುವ ತನಕ ಪೊಟ್ಟಣ ಬೇರೆ ಇಡಿ, ಯಾರಿಗೂ ಹಂಚಬೇಡಿ.

ಡೆನ್ವರ್_ಗೌಡ:
ಹೆಣ್ಣು ಟ್ಯಾಗ್ ಅಂತ ತೀರ್ಮಾನ ಆಯ್ತು. ಒಂದು ವೇಳೆ ಗೆಳೆಯರಿಂದ ಹೋರಿ ಮಾಂಸ ಪಾಲಿಗೆ ಬಂದರೆ ಏನು ಮಾಡೋದು? ಎಲ್ಲಾನೂ ಕುಕ್ಕರ್‌ಗೆ ಹಾಕಿದರೆ ಆಗುತ್ತಾ?

ಕಡವೆಗುಡ್ಡ:
ಎಲ್ಲಾನೂ ಕುಕ್ಕರ್‌ಗೆ ಹಾಕುವುದೇ ನಮ್ಮವರು ಕೆಡಿಸುವ ಜಾಗ. ಬೆನ್ನಿನ ಪಟ್ಟಿ ಹೋರಿಯದಾದರೂ ಕುಕ್ಕರ್‌ಗೆ ಬೇಡ. ಅದರಲ್ಲಿ ಕರಗುವ ಕೊಲಾಜನ್ ಕಡಿಮೆ, ಕೂಗಿಸಿದರೆ ಒಣ ನಾರು ಉಳಿಯುತ್ತದೆ. ಮೇಲಿನ ಬೆಳ್ಳಿ ಪೊರೆ ತೆಗೆದು, ಕಾದ ಕಬ್ಬಿಣದ ಬಾಣಲೆಯಲ್ಲಿ ಎಲ್ಲ ಬದಿ ಕೆಂಪು ಮಾಡಿ, ಒಳಗೆ 52 ಡಿಗ್ರಿ ಬಂದಾಗ ಇಳಿಸಿ, ನಾರಿಗೆ ಅಡ್ಡ ಕೊಯ್ಯಿರಿ. 60 ದಾಟಿದರೆ ಈಲಿಯ ರುಚಿ ಶುರು.

ಕಾಲಿನ ಮೀನಖಂಡ, ಕತ್ತು, ಭುಜ ಕುಕ್ಕರಿನವು. ಕಡಸಿನದು 25 ನಿಮಿಷಕ್ಕೆ ಬೆಂದರೆ ಹೋರಿಯದಕ್ಕೆ 45 ಇಡಿ, ಆವಿ ತಾನಾಗಿ ಇಳಿಯಲಿ. ಕೊಡಗಿನ ಕಾಚಂಪುಳಿ ಸಿಕ್ಕರೆ ಕೊನೆಯಲ್ಲಿ ಕಿಲೊಗೆ ಎರಡು ಟೀ ಚಮಚ, ಹೋರಿಯ ಕತ್ತಿಗೆ ಅದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಉಳಿದದ್ದೆಲ್ಲ ಕೈಮಾ. ಎಲ್ಕ್‌ನ ಸ್ವಂತ ಕೊಬ್ಬು ಬೇಡ ಅಂದೆವಲ್ಲ, ತೂಕದ 10ರಿಂದ 15 ಶೇಕಡ ಹಂದಿ ಕೊಬ್ಬು ಬೆರೆಸಿ, ಮಾಂಸ ಅರೆಹೆಪ್ಪಾಗಿದ್ದಾಗಲೇ ರುಬ್ಬಿ. ಕೈಮಾ ಉಂಡೆಗೆ ಕಿಲೊಗೆ ಒಂದು ಹಿಡಿ ಹುರಿಗಡಲೆ ಪುಡಿ ಬೇಕೇ ಬೇಕು, ಇಷ್ಟು ಕೊಬ್ಬು ಕಡಿಮೆ ಇರುವ ಮಾಂಸ ಅದಿಲ್ಲದೆ ಸಾರಿನಲ್ಲಿ ಬಿಚ್ಚಿಕೊಳ್ಳುತ್ತೆ.