ಸಹಾಯ ಬೇಕು: 1972ರ ಕಂಪಾಲಾ (ಉಗಾಂಡದ ರಾಜಧಾನಿ) ಬಲ್ಲವರು ಇದ್ದೀರಾ?

ಟಿವಿಗೆ ಎಂಟು ಕಂತಿನ ಪ್ರೇಮಕಥೆ ಬರೆಯುತ್ತಿದ್ದೇನೆ. ಹುಡುಗಿ ಕಂಪಾಲಾದ ಗುಜರಾತಿ ಬಟ್ಟೆ ಅಂಗಡಿಯವರ ಮಗಳು. ಹುಡುಗ ಮಕೆರೆರೆ ವಿಶ್ವವಿದ್ಯಾಲಯದಲ್ಲಿ ಓದುವ ಉಗಾಂಡದವನು. 1972ರ ಆಗಸ್ಟ್‌ನಲ್ಲಿ ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್ ಅಲ್ಲಿದ್ದ ಏಷ್ಯಾದವರಿಗೆ ದೇಶ ಬಿಡಲು 90 ದಿನ ಗಡುವು ಕೊಟ್ಟನಲ್ಲ, ಕಥೆ ಅಲ್ಲಿಂದ ಶುರು.

ರಾಜಕೀಯ ಪುಸ್ತಕದಲ್ಲಿ ಸಿಗುತ್ತದೆ, ಬಿಡಿ. ನನಗೆ ಬೇಕಿರುವುದು ಮನೆಯೊಳಗಿನ ಮಾತು. ಬಾಳೆಕಾಯಿಯನ್ನು ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ಮಟೋಕೆ (ಹೆಚ್ಚುಕಮ್ಮಿ ನಮ್ಮ ಕಡುಬಿನ ಹಾಗೇ ಅಲ್ವಾ?) ಅವನು ಬಿಸಿಬಿಸಿ ತಂದರೆ ಅವಳ ಅಮ್ಮ ಮುಟ್ಟುತ್ತಿದ್ದರಾ? ಹುಡುಗ, ಹುಡುಗಿ ಇಬ್ಬರೂ ಜಗಳ ಆಡುತ್ತಿದ್ದದ್ದು ಲುಗಾಂಡದಲ್ಲೋ, ಸ್ವಾಹಿಲಿಯಲ್ಲೋ, ಇಂಗ್ಲಿಷಿನಲ್ಲೋ? ಮೂರನೇ ಕಂತು ಇಲ್ಲೇ ನಿಂತಿದೆ.

ಆಗ ಅಲ್ಲಿದ್ದ ಅಜ್ಜ, ಅಜ್ಜಿ, ಪರಿಚಯದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಫೋನಿನಲ್ಲಿ ಹತ್ತು ನಿಮಿಷ ಮಾತಾಡಿದರೂ ಸಾಕು.