ನರ್ಸರಿ: ಮಕ್ಕಳದ್ದೋ, ಸಸಿಗಳದ್ದೋ?

‘ನರ್ಸರಿ’ ಎಂಬ ಪದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂಬ ಪ್ರಶ್ನೆ ಅನುವಾದದ ಕೆಲಸ ಮಾಡುವವರಿಗೆ ಮತ್ತೆ ಮತ್ತೆ ಎದುರಾಗುತ್ತದೆ. ಪುಟ್ಟ ಮಕ್ಕಳು ಹೋಗುವ ಜಾಗವೂ ನರ್ಸರಿ, ಗಿಡಗಳನ್ನು ಬೆಳೆಸಿ ಕೊಡುವ ಜಾಗವೂ ನರ್ಸರಿ. ಎರಡಕ್ಕೂ ಹೊಂದುವ ಒಂದೇ ಪದ ನಮ್ಮಲ್ಲಿದೆಯೇ, ಇಲ್ಲದಿದ್ದರೆ ಹೊಸದಾಗಿ ಕಟ್ಟಬೇಕೇ ಎಂದು ಕೇಳುವವರಿದ್ದಾರೆ. ಹಾಗೆ ಒಂದೇ ಪದವನ್ನು ಅರಸುವ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ಇಂಗ್ಲಿಷಿನಲ್ಲಿ ಈ ಪದದಡಿ ಬಂದು ಸೇರಿರುವ ಅರ್ಥಗಳು ಎರಡಕ್ಕೆ ನಿಲ್ಲುವುದಿಲ್ಲ. ಅವುಗಳಲ್ಲಿ ಹಲವಕ್ಕೆ ಕನ್ನಡದಲ್ಲಿ ಬಳಕೆಯ ಮಾತುಗಳು ಈಗಾಗಲೇ ಇವೆ, ಮತ್ತು ಅವು ನರ್ಸರಿ ಎಂಬ ಮಾತಿಗಿಂತ ಹೆಚ್ಚು ಖಚಿತವಾಗಿವೆ.

ಮೊದಲು ಪದದ ಹುಟ್ಟನ್ನು ನೋಡೋಣ. ಇದರ ಬೇರು ಲ್ಯಾಟಿನ್ನಿನ ‘ನೂಟ್ರೀರೆ’ ಎಂಬ ಕ್ರಿಯಾಪದದಲ್ಲಿದೆ. ಹಾಲೂಡಿಸು, ಉಣಿಸು, ಸಾಕು ಎಂಬುದು ಅದರ ಅರ್ಥ. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ‘ನರ್ಸ್’ ಎಂಬ ಪದ ಮೊದಲಿಗೆ ಸೂಚಿಸುತ್ತಿದ್ದದ್ದು ಆಸ್ಪತ್ರೆಯ ದಾದಿಯನ್ನಲ್ಲ, ಬೇರೆಯವರ ಕೂಸಿಗೆ ಮೊಲೆಯೂಡಿಸಿ ಸಾಕುವ ದಾದಿಯನ್ನು. ಆಕೆ ಮಕ್ಕಳೊಂದಿಗೆ ಇರುತ್ತಿದ್ದ ಕೋಣೆಯೇ ನರ್ಸರಿ. ಸಸಿಗಳನ್ನು ಬೆಳೆಸುವ ನೆಲಕ್ಕೆ ಈ ಹೆಸರು ಹತ್ತಿದ್ದು ಆಮೇಲೆ, ಹದಿನಾರನೆಯ ಶತಮಾನದಲ್ಲಿ. ಆದ್ದರಿಂದ ಮಕ್ಕಳ ಅರ್ಥವೇ ಹಳೆಯದು; ಗಿಡಗಳ ಅರ್ಥ ಅದರಿಂದ ಕಡ ಪಡೆದದ್ದು. ಗಿಡದ ನರ್ಸರಿಯೇ ಮೊದಲಿನದು, ಮಕ್ಕಳನ್ನು ಸಸಿಗಳಂತೆ ಕಂಡು ಶಾಲೆಗೆ ಆ ಹೆಸರಿಟ್ಟರು ಎಂಬ ವಿವರಣೆಯನ್ನು ಕೆಲವರು ನಂಬುತ್ತಾರೆ. ಅದು ಕೇಳಲು ಹಿತವಾಗಿದ್ದರೂ ಪದದ ಚರಿತ್ರೆಗೆ ವಿರುದ್ಧವಾದದ್ದು.

ಆ ವಿವರಣೆ ಹೊಂದುವುದು ಬೇರೊಂದು ಪದಕ್ಕೆ. ಜರ್ಮನಿಯ ಶಿಕ್ಷಣತಜ್ಞ ಫ್ರೀಡ್ರಿಕ್ ಫ್ರೊಬೆಲ್ 1837ರಲ್ಲಿ ತಾನು ಆರಂಭಿಸಿದ್ದ ಸಂಸ್ಥೆಗೆ 1840ರಲ್ಲಿ ‘ಕಿಂಡರ್‌ಗಾರ್ಟನ್’ ಎಂಬ ಹೆಸರನ್ನು ಕೊಟ್ಟನು. ಮಕ್ಕಳ ತೋಟ ಎಂಬುದೇ ಅದರ ನೇರ ಅರ್ಥ. ಅದೇ ಜರ್ಮನ್ ಭಾಷೆಯಲ್ಲಿ ಗಿಡಮರಗಳ ನರ್ಸರಿಗೆ ‘ಬೌಮ್‌ಶೂಲೆ’, ಅಂದರೆ ಮರಗಳ ಶಾಲೆ ಎನ್ನುತ್ತಾರೆ. ಮಕ್ಕಳು ತೋಟಕ್ಕೆ ಹೋಗುವ, ಮರಗಳು ಶಾಲೆಗೆ ಹೋಗುವ ಈ ಅದಲುಬದಲನ್ನು ನೋಡಿದರೆ, ಎರಡು ಲೋಕಗಳ ನಡುವೆ ಪದಗಳು ಎಷ್ಟು ಸಲೀಸಾಗಿ ಓಡಾಡಿವೆ ಎಂಬುದು ತಿಳಿಯುತ್ತದೆ. ಪಾದ್ರಿಗಳ ತರಬೇತಿಯ ‘ಸೆಮಿನರಿ’ಯೂ ಮೂಲದಲ್ಲಿ ಬೀಜ ಬಿತ್ತಿ ಸಸಿ ಎಬ್ಬಿಸುವ ಮಡಿಯೇ, ಲ್ಯಾಟಿನ್ನಿನಲ್ಲಿ ಬೀಜಕ್ಕಿರುವ ಪದದಿಂದ ಅದು ಹುಟ್ಟಿದೆ. ನಾವು ದಿನವೂ ಬಳಸುವ ‘ಸೆಮಿನಾರ್’ ಕೂಡ ಅದೇ ಬೇರಿನದು.

ನಮ್ಮ ಕಡೆಯ ಪದಗಳಲ್ಲಿಯೂ ಈ ಓಡಾಟವಿದೆ, ಆದರೆ ನಾವು ಅದನ್ನು ಗಮನಿಸಿಲ್ಲ. ‘ಬಾಲವಾಡಿ’, ‘ಅಂಗನವಾಡಿ’ ಎಂಬ ಪದಗಳಲ್ಲಿರುವ ‘ವಾಡಿ’ಯ ಮೂಲ ಸಂಸ್ಕೃತದ ‘ವಾಟಿಕಾ’, ಅಂದರೆ ಬೇಲಿ ಕಟ್ಟಿದ ತೋಟ, ಆವರಣ. ಮರಾಠಿಯಲ್ಲಿ ಗಿಡಗಳ ನರ್ಸರಿಗೆ ‘ರೋಪವಾಟಿಕಾ’ ಎನ್ನುತ್ತಾರೆ. ಮಕ್ಕಳ ವಾಡಿಯೂ ಸಸಿಗಳ ವಾಟಿಕೆಯೂ ಹೀಗೆ ಒಂದೇ ಪದದ ಎರಡು ರೂಪಗಳು. ಇನ್ನೂ ಹಿಂದಕ್ಕೆ ಹೋದರೆ ಸಂಸ್ಕೃತದ ‘ಧಾತ್ರಿ’ ಸಿಗುತ್ತದೆ. ಹಾಲೂಡಿಸುವ ದಾದಿ ಎಂಬುದೂ ಭೂಮಿ ಎಂಬುದೂ ಅದರ ಅರ್ಥಗಳು. ಕೂಸನ್ನೂ ಸಸಿಯನ್ನೂ ಒಟ್ಟಿಗೆ ಹಿಡಿಯುವ ಪದವೊಂದು ಬೇಕೇ ಬೇಕು ಎನ್ನುವವರಿಗೆ ಇದಕ್ಕಿಂತ ಚೆಲುವಾದ ಆಧಾರ ಸಿಗಲಾರದು. ಆದರೂ ಅದರಿಂದ ಹೊಸ ಪದ ಹುಟ್ಟಿಸಿದರೆ ಅದು ಬಳಕೆಗೆ ಇಳಿಯುವುದೆಂಬ ಭರವಸೆ ನನಗಿಲ್ಲ. ‘ಪೋಷಣೆ’ ಎಂಬ ಪದ ಮಾತ್ರ ಎರಡೂ ಕಡೆ ಬಹುಮಟ್ಟಿಗೆ ನಿಂತಿದೆ. ಮಗುವಿನ ಆಹಾರದಲ್ಲಿಯೂ ಗಿಡದ ಮಣ್ಣಿನಲ್ಲಿಯೂ ಇರುವುದನ್ನು ನಾವು ‘ಪೋಷಕಾಂಶ’ ಎಂದೇ ಕರೆಯುತ್ತೇವೆ.

ಈಗ ಬಳಕೆಗೆ ಬರೋಣ. ಮಕ್ಕಳಿಗೆ ಸಂಬಂಧಿಸಿದಂತೆ ಈ ಪದಕ್ಕೆ ಮೂರು ಬೇರೆ ಬೇರೆ ಅರ್ಥಗಳಿವೆ. ಹಳೆಯ ಇಂಗ್ಲಿಷ್ ಕಾದಂಬರಿಗಳಲ್ಲಿ ಬರುವ ನರ್ಸರಿ ಮನೆಯೊಳಗಿನ ಒಂದು ಕೋಣೆ. ಮಕ್ಕಳು ಅಲ್ಲಿ ಮಲಗುತ್ತಾರೆ, ಆಡುತ್ತಾರೆ, ದಾದಿಯ ಕಣ್ಣಳತೆಯಲ್ಲಿ ಬೆಳೆಯುತ್ತಾರೆ. ಅದನ್ನು ‘ಶಿಶುವಿಹಾರ’ ಎಂದು ಅನುವಾದಿಸಿದರೆ, ಮಹಡಿಯ ಮೇಲೆ ಮಲಗಿರುವ ಮಗು ಶಾಲೆಯಲ್ಲಿ ಮಲಗಿದಂತಾಗುತ್ತದೆ. ಅಲ್ಲಿ ‘ಮಕ್ಕಳ ಕೋಣೆ’ ಎಂದರೆ ಸಾಕು. ಎರಡನೆಯದು ಶಾಲೆ. ಬ್ರಿಟನ್ನಿನಲ್ಲಿ ನರ್ಸರಿ ಎಂದರೆ ಶಾಲೆಯ ವಯಸ್ಸಿಗಿಂತ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆ. ನಮ್ಮಲ್ಲಿ ಅದು ಎಲ್‌ಕೆಜಿಗಿಂತ ಕೆಳಗಿನ ಒಂದು ತರಗತಿಯ ಹೆಸರಾಗಿಬಿಟ್ಟಿದೆ. ‘ಮಗು ನರ್ಸರಿಯಲ್ಲಿದೆ’ ಎಂಬ ವಾಕ್ಯಕ್ಕೆ ಕನ್ನಡಿಗರು ಮೊದಲು ಕೊಡುವ ಅರ್ಥ ಆ ತರಗತಿಯದು. ಆದ್ದರಿಂದ ಬ್ರಿಟನ್ನಿನ ಸಂಸ್ಥೆಯ ಬಗ್ಗೆ ಬರೆಯುವಾಗ ‘ಶಿಶುವಿಹಾರ’ ಅಥವಾ ‘ಶಿಶುಪಾಲನಾ ಕೇಂದ್ರ’ ಎನ್ನುವುದು ಮೇಲು. ಈ ಎರಡರ ನಡುವೆಯೂ ವ್ಯತ್ಯಾಸವಿದೆ: ಮೊದಲನೆಯದರಲ್ಲಿ ಆಟಪಾಠದ ಧ್ವನಿ, ಎರಡನೆಯದರಲ್ಲಿ ತಂದೆತಾಯಿ ಕೆಲಸಕ್ಕೆ ಹೋದಾಗ ಕೂಸನ್ನು ನೋಡಿಕೊಳ್ಳುವ ಧ್ವನಿ. ಮೂರನೆಯದಾದ ಆಸ್ಪತ್ರೆಯ ನರ್ಸರಿಗೆ ‘ನವಜಾತ ಶಿಶುಗಳ ಕೊಠಡಿ’ ಎಂಬುದು ಸರಳವಾಗಿ ಹೊಂದುತ್ತದೆ.

ಗಿಡಗಳ ಕಡೆಗೆ ತಿರುಗಿದರೆ ವಿಷಯ ಇನ್ನಷ್ಟು ಆಳಕ್ಕೆ ಹೋಗುತ್ತದೆ, ಮತ್ತು ನನ್ನ ಕಳಕಳಿ ಇರುವುದೂ ಇಲ್ಲಿಯೇ. ಇಂಗ್ಲಿಷಿನ ನರ್ಸರಿಯಲ್ಲಿ ಎರಡು ಸಂಗತಿಗಳು ಬೆರೆತಿವೆ. ಒಂದು, ಬೀಜವನ್ನು ಒತ್ತಾಗಿ ಬಿತ್ತಿ, ಸಸಿ ಎದ್ದು ನಾಟಿಗೆ ಬರುವವರೆಗೆ ಕಾಪಾಡುವ ಸಣ್ಣ ತುಂಡು ನೆಲ. ಇನ್ನೊಂದು, ಬಗೆಬಗೆಯ ಗಿಡಗಳನ್ನು ಬೆಳೆಸಿ, ಕಸಿ ಕಟ್ಟಿ, ಚೀಲದಲ್ಲೋ ಕುಂಡದಲ್ಲೋ ಇಟ್ಟು ಮಾರುವ ಇಡೀ ಉದ್ಯಮ. ಮೊದಲನೆಯದಕ್ಕೆ ಕನ್ನಡ ಎಂದೂ ಬಡವಾಗಿರಲಿಲ್ಲ. ‘ಸಸಿಮಡಿ’ ಎಂಬುದು ಎಲ್ಲರಿಗೂ ತಿಳಿಯುವ ಮಾತು. ಭತ್ತಕ್ಕೆ ಬಂದರೆ ಹಳೆ ಮೈಸೂರಿನ ಕಡೆಯವರು ‘ಒಟ್ಲು’ ಎನ್ನುತ್ತಾರೆ, ಮಲೆನಾಡಿನವರು ‘ಅಗೆ’ ಎನ್ನುತ್ತಾರೆ, ಕರಾವಳಿಯಲ್ಲಿ ‘ನೇಜಿ’ ಎಂಬ ಮಾತಿದೆ. ಅಗೆ, ನೇಜಿ ಎಂಬುವು ಸಸಿಯ ಹೆಸರುಗಳು. ಅವು ಎದ್ದ ನೆಲವನ್ನು ಹೇಳಬೇಕಾದಾಗ ಗದ್ದೆ, ಮಡಿ ಎಂಬ ಪದಗಳು ಜೊತೆಗೂಡುತ್ತವೆ. ತೆಲುಗಿನಲ್ಲಿ ಇದೇ ಬಗೆಯಲ್ಲಿ ‘ನಾರುಮಡಿ’ ಎಂದಿದೆ, ತಮಿಳಿನಲ್ಲಿ ‘ನಾಟ್ರಂಗಾಲ್’ ಎಂದಿದೆ. ಮಡಿ ಎಂಬ ಪದವನ್ನು ಕೇಳಿದಾಗ ‘ಮಡಿಲು’ ನೆನಪಾಗುವುದು ಸಹಜವೇ ಆದರೂ, ಧ್ವನಿಯ ಹೋಲಿಕೆಯೊಂದನ್ನೇ ಹಿಡಿದು ಇವೆರಡೂ ಒಂದೇ ಮೂಲದವು ಎಂದು ಬರೆಯಬಾರದು.

ಕೃಷಿಯ ಕರಪತ್ರಗಳಲ್ಲಿ ಈಚೆಗೆ ‘ನರ್ಸರಿ ಮಾಡುವ ವಿಧಾನ’, ‘ನರ್ಸರಿ ಹಂತದ ರೋಗಗಳು’ ಎಂಬ ಶೀರ್ಷಿಕೆಗಳು ಕಾಣುತ್ತಿವೆ. ಇಲ್ಲಿ ಹೇಳುತ್ತಿರುವುದು ಸಸಿಮಡಿಯನ್ನೇ ಆದ್ದರಿಂದ ನರ್ಸರಿ ಎನ್ನಬೇಕಾದ ಕಾರಣವೇ ಇಲ್ಲ. ‘ಸಸಿಮಡಿಯಲ್ಲಿ ಬರುವ ರೋಗಗಳು’ ಎಂದರೆ ರೈತನಿಗೆ ಕೂಡಲೇ ಅರ್ಥವಾಗುತ್ತದೆ. ಒಂದು ಪದ ಹೋದರೆ ಅದರ ಜೊತೆಗಿನ ಕ್ರಿಯಾಪದಗಳೂ ಹೋಗುತ್ತವೆ ಎಂಬುದನ್ನು ಮರೆಯಬಾರದು: ಒಟ್ಲು ಹಾಕುವುದು, ಸಸಿ ಎಬ್ಬಿಸುವುದು, ಅಗೆ ಕೀಳುವುದು, ನಾಟಿ ಹಚ್ಚುವುದು. ಇವೆಲ್ಲವನ್ನೂ ‘ನರ್ಸರಿ ಮಾಡು’ ಎಂಬ ಒಂದೇ ಮಾತಿನಲ್ಲಿ ಮುಗಿಸಿದರೆ, ಕೆಲಸದ ಒಂದೊಂದು ಹಂತಕ್ಕೂ ಇದ್ದ ಹೆಸರು ಅಳಿಸಿಹೋಗುತ್ತದೆ.

ಎರಡನೆಯದರ ಮಾತು ಬೇರೆ. ಮಾರಾಟದ ಆ ಉದ್ಯಮವನ್ನು ಸಸಿಮಡಿ ಎನ್ನಲಾಗದು, ಏಕೆಂದರೆ ಅಲ್ಲಿ ಸಸಿಗಳಷ್ಟೇ ಅಲ್ಲದೆ ಹೂಬಿಟ್ಟ ಗಿಡಗಳೂ ಕಸಿ ಮಾಡಿದ ಹಣ್ಣಿನ ಗಿಡಗಳೂ ಇರುತ್ತವೆ. ಅರಣ್ಯ ಇಲಾಖೆಯ ಬರವಣಿಗೆಯಲ್ಲಿ ‘ಸಸ್ಯಕ್ಷೇತ್ರ’ ಎಂಬ ಪದವಿದೆ. ಅದು ಸರಿಯಾದ ಪದವೇ, ಆದರೆ ಮಾತಿನಲ್ಲಿ ಯಾರೂ ‘ಸಸ್ಯಕ್ಷೇತ್ರಕ್ಕೆ ಹೋಗಿ ಗಿಡ ತಂದೆ’ ಎನ್ನುವುದಿಲ್ಲ. ಈ ಅರ್ಥದಲ್ಲಿ ನರ್ಸರಿ ಕನ್ನಡದ್ದೇ ಪದವಾಗಿದೆ ಎಂದು ಒಪ್ಪಿಕೊಳ್ಳುವುದು ಪ್ರಾಮಾಣಿಕವಾದ ನಿಲುವು.

ಎರಡು ಅರ್ಥಗಳಿಂದ ಗೊಂದಲವಾಗದೇ ಎಂದರೆ, ಮಾತಿನಲ್ಲಿ ಅದು ಅಪರೂಪ. ವಿಭಕ್ತಿಯೂ ಕ್ರಿಯಾಪದವೂ ಸೇರಿ ಅರ್ಥವನ್ನು ತೀರ್ಮಾನಿಸುತ್ತವೆ. ‘ನರ್ಸರಿಗೆ ಸೇರಿಸಿದೆವು’ ಎಂದರೆ ಮಗುವನ್ನು. ‘ನರ್ಸರಿಯಿಂದ ತಂದೆವು’ ಎಂದರೆ ಸಾಮಾನ್ಯವಾಗಿ ಗಿಡವನ್ನು. ತೊಡಕಾಗುವುದು ಕ್ರಿಯಾಪದವಿಲ್ಲದ ಶೀರ್ಷಿಕೆಗಳಲ್ಲಿ. ‘ನರ್ಸರಿ ಸಿಬ್ಬಂದಿಗೆ ತರಬೇತಿ’ ಎಂಬ ಸಾಲನ್ನಷ್ಟೇ ಓದಿದವರಿಗೆ ತರಬೇತಿ ಮಕ್ಕಳನ್ನು ನೋಡಿಕೊಳ್ಳುವುದಕ್ಕೋ ಕಸಿ ಕಟ್ಟುವುದಕ್ಕೋ ತಿಳಿಯದು. ಇಂಗ್ಲಿಷರೂ ಇದರಿಂದ ತಪ್ಪಿಸಿಕೊಂಡಿಲ್ಲ. ಲಂಡನ್ನಿನ ಲಾರ್ಡ್ಸ್ ಕ್ರಿಕೆಟ್ ಮೈದಾನದ ಒಂದು ಬದಿಗೆ ‘ನರ್ಸರಿ ಎಂಡ್’ ಎಂಬ ಹೆಸರಿದೆ. ಎಳೆಯ ಆಟಗಾರರನ್ನು ತಯಾರು ಮಾಡುವ ಜಾಗವಾದ್ದರಿಂದ ಆ ಹೆಸರು ಬಂದಿರಬೇಕೆಂದು ಯಾರಿಗಾದರೂ ತೋರುತ್ತದೆ. ನಿಜಕ್ಕೂ ಆ ನೆಲ 1887ರಲ್ಲಿ ಕ್ರಿಕೆಟ್ ಕ್ಲಬ್ಬಿನ ಕೈಗೆ ಬರುವ ಮೊದಲು ಗಿಡಗಳ ನರ್ಸರಿಯಾಗಿತ್ತು.

ವಿಜ್ಞಾನದ ಬರಹಗಳಲ್ಲಿ ಈ ಪದ ಇನ್ನೂ ದೂರ ಹೋಗಿದೆ. ಮೀನುಗಾರಿಕೆಯ ನರ್ಸರಿಗೆ ‘ಮೀನುಮರಿ ಪಾಲನಾ ಕೊಳ’ ಎನ್ನಬಹುದು. ರೇಷ್ಮೆಯಲ್ಲಂತೂ ಹೊಸ ಪದವೇ ಬೇಡ: ಎರಡನೆಯ ಜ್ವರ ಕಳೆಯುವವರೆಗೆ, ಅಂದರೆ ಎರಡನೆಯ ಸಲ ಪೊರೆ ಕಳಚುವವರೆಗೆ, ಎಳೆಹುಳುಗಳನ್ನು ಸಾಕುವುದಕ್ಕೆ ‘ಚಾಕಿ’ ಎಂಬ ಗಟ್ಟಿಯಾದ ಮಾತು ರೈತರ ಬಾಯಲ್ಲಿದೆ. ಖಗೋಳವಿಜ್ಞಾನದಲ್ಲಿ ಓರಾಯನ್ ನೀಹಾರಿಕೆಯಂಥ ಅನಿಲ ಮತ್ತು ಧೂಳಿನ ಮೋಡಗಳನ್ನು ನಕ್ಷತ್ರಗಳ ನರ್ಸರಿ ಎನ್ನುತ್ತಾರೆ. ಅಲ್ಲಿ ಸಾಕುವ ಅರ್ಥಕ್ಕಿಂತ ಹುಟ್ಟುವ ಅರ್ಥವೇ ಮುಖ್ಯವಾದ್ದರಿಂದ ‘ನಕ್ಷತ್ರಗಳ ಹುಟ್ಟುತಾಣ’ ಎನ್ನುವುದು ಸರಿ. ‘ನಕ್ಷತ್ರ ಶಿಶುವಿಹಾರ’ ಎಂಬ ಅನುವಾದ ಪದವನ್ನು ಹಿಡಿದು ವಿಷಯವನ್ನು ಬಿಟ್ಟಂತೆ.

ಇಷ್ಟಾದ ಮೇಲೆಯೂ ಒಂದು ಪ್ರಶ್ನೆ ಉಳಿಯುತ್ತದೆ. ಭತ್ತವಲ್ಲದ ಬೆಳೆಗಳ, ಅಂದರೆ ಅಡಿಕೆ, ಕಾಫಿ, ತರಕಾರಿಗಳ ಸಸಿ ಎಬ್ಬಿಸುವ ಜಾಗಕ್ಕೆ ಬೇರೆ ಬೇರೆ ಸೀಮೆಗಳಲ್ಲಿ ಪ್ರತ್ಯೇಕ ಹೆಸರುಗಳಿವೆಯೇ, ಅಥವಾ ಎಲ್ಲ ಕಡೆಯೂ ‘ಮಡಿ’ ಮತ್ತು ‘ಪಾತಿ’ಗಳೇ ಆ ಕೆಲಸವನ್ನು ಮಾಡುತ್ತಿವೆಯೇ? ಮುಖ್ಯವಾಗಿ ಉತ್ತರ ಕರ್ನಾಟಕದವರು ಮೆಣಸಿನಕಾಯಿ, ಉಳ್ಳಾಗಡ್ಡಿಗಳ ಸಸಿ ಹಾಕುವ ಜಾಗಕ್ಕೆ ಮನೆಮಾತಿನಲ್ಲಿ ಏನೆನ್ನುತ್ತಾರೆ, ಅದರ ಜೊತೆ ಯಾವ ಕ್ರಿಯಾಪದವನ್ನು ಬಳಸುತ್ತಾರೆ ಎಂಬುದನ್ನು ಬಲ್ಲವರು ವಾಕ್ಯದಲ್ಲಿಯೇ ಬಳಸಿ ತಿಳಿಸಬೇಕೆಂದು ಕೋರುತ್ತೇನೆ.